ಬೋರ್ಡ್ ಐತಿ, ಚಿರತಿ ಎಲ್ಲೈತಿ?

ಪ್ರಶ್ನೆ: "ಮೈಸೂರು ಝೂಗೆ ಎರಡು ಸಲ ಹೋಗಿ ಬಂದ್ವಿರಿ. ರಾತ್ರಿಯೆಲ್ಲಾ ರೈಲಿನ್ಯಾಗ ಕುಂತು ಹೋಗಿ ಆನಿ, ಜಿರಾಫೆ, ನೀರಾನಿ ನೋಡಿದ್ವಿ. ಚಿರತಿ, ತೋಳ, ಕತ್ತೆಕಿರುಬ ಅಂತ ಬೋರ್ಡ್ ಹಾಕಿದಲ್ಲಿ ಮಾತ್ರ ಬರೇ ಗಿಡಗಂಟಿ. ನಮ್ಮ ಸಣ್ಣಾಕಿ 'ಅಪ್ಪಾ, ಇವ್ರು ಸುಳ್ಳ ಬರದಾರ' ಅಂದ್ಲು. ಅವು ಖರೇನ ಅದಾವೋ ಇಲ್ಲೋ? ನೋಡಬೇಕಂದ್ರ ಏನು ಮಾಡಬೇಕ್ರಿ?"
ಹುಬ್ಬಳ್ಳಿಯ ಓದುಗರೊಬ್ಬರು

ಅದಾವರಿ, ಖರೇನ ಅದಾವ. ಮೊದಲು ಮಗಳಿಗೆ ಇಷ್ಟು ಹೇಳಿಬಿಡಿ. ಆಮೇಲೆ ನನ್ನದೊಂದು ಮರುಪ್ರಶ್ನೆ: ಆ ಗಿಡಗಂಟಿಯ ಮುಂದೆ ಎಷ್ಟು ಹೊತ್ತು ನಿಂತಿದ್ದಿರಿ?

ಝೂನಲ್ಲಿ ಪ್ರಾಣಿ ಕಾಣದಿದ್ದಾಗ ನಾನು ಜನರನ್ನು ನೋಡುತ್ತೇನೆ. ಬರುತ್ತಾರೆ, ಬೋರ್ಡ್ ಓದುತ್ತಾರೆ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಕತ್ತು ಹೊರಳಿಸುತ್ತಾರೆ, "ಏನೂ ಇಲ್ಲ, ಬರ್ರಿ" ಎಂದು ಮುಂದಕ್ಕೆ ಸಾಗುತ್ತಾರೆ. ಪಾನ್ ಅಂಗಡಿಯಲ್ಲಿ ಚಿಲ್ಲರೆಗೆ ಕಾಯುವಷ್ಟು ಹೊತ್ತೂ ನಿಲ್ಲುವುದಿಲ್ಲ. ಚಾಮರಾಜೇಂದ್ರ ಒಡೆಯರು 1892ರಲ್ಲಿ ಶುರು ಮಾಡಿದ ಮೈಸೂರು ಝೂ ಈಗ 157 ಎಕರೆ. ಅದನ್ನು ಊಟದ ಹೊತ್ತಿಗೆ ಮುಗಿಸಬೇಕು, ಮಧ್ಯಾಹ್ನ ಚಾಮುಂಡಿ ಬೆಟ್ಟ, ಸಂಜೆ ಕೆಆರ್‌ಎಸ್ ಕಾರಂಜಿ, ರಾತ್ರಿ ಮತ್ತೆ ರೈಲು. ನಮ್ಮ ಕಡೆಯಿಂದ ಹೋಗುವವರ ಲೆಕ್ಕವೇ ಹೀಗೆ. ಈ ಲೆಕ್ಕಕ್ಕೆ ಆನೆ ಸಿಗುತ್ತದೆ. ಚಿರತೆ ಸಿಗುವುದಿಲ್ಲ.

ನನಗೆ ಇದು ತಿಳಿದದ್ದು ನಮ್ಮ ಆಯಿಯಿಂದ. ಗದಗ ಹತ್ತಿರದ ಬಿಂಕದಕಟ್ಟಿ ಝೂಗೆ ಮನೆಮಂದಿಯೆಲ್ಲ ಹೋಗಿದ್ದೆವು. ಆಯಿಗೆ ಮೊಣಕಾಲು ನೋವು. ಚಿರತೆಯ ಆವರಣದ ಎದುರಿನ ಕಟ್ಟೆಯ ಮೇಲೆ "ನೀವು ಹೋಗಿ ಬರ್ರಿ, ನಾ ಇಲ್ಲೇ ಕುಂದರ್ತೀನಿ" ಎಂದು ಕೂತಳು. ನಾವು ಒಂದು ಸುತ್ತು ಹಾಕಿ ಬೆವರು ಒರೆಸಿಕೊಳ್ಳುತ್ತ ಬಂದೆವು. ಆಯಿ ಹೇಳಿದ್ದು: "ಗಿಡಕ್ಕ ಹಗ್ಗ ಯಾರ ಕಟ್ಟ್ಯಾರ ಅಂತ ನೋಡಕೋತ ಕುಂತಿದ್ದೆ. ಹಗ್ಗದ ತುದಿ ಮ್ಯಾಲ ಡೊಂಕಾತು. ಆಮ್ಯಾಲ ಹಗ್ಗದ ಮಾಲಕ ಎದ್ದು ಆಕಳಿಸಿ, ನೀರು ಕುಡಿದು ಮತ್ತ ಮಲಗಿತು. ನೀವೆಲ್ಲಿ ಹೋಗಿದ್ರಿ?" ನಾವು ಅದೇ ಚಿರತೆಯನ್ನು ಹುಡುಕುತ್ತ ಆವರಣದ ಇನ್ನೊಂದು ಮಗ್ಗುಲಲ್ಲಿ ಸೀಟಿ ಹೊಡೆಯುತ್ತಿದ್ದೆವು.

ಪ್ರಾಣಿ ಕಾಣದಿರುವುದಕ್ಕೆ ಝೂದವರನ್ನು ಬೈಯುವ ಮುನ್ನ ಒಂದು ಮಾತು. ಹಳೆಯ ಕಾಲದ ಸರಳಿನ ಬೋನಿನಲ್ಲಿ ಪ್ರಾಣಿಗೆ ಮರೆಯೇ ಇರಲಿಲ್ಲ. ನಾಲ್ಕೂ ಕಡೆ ಜನ, ನಡುವೆ ಅದು. ಈಗ ಗಿಡ, ಬಂಡೆ, ಪೊದೆ, ಗುಹೆ ಎಲ್ಲವನ್ನೂ ಬೇಕೆಂದೇ ಇಡುತ್ತಾರೆ, ಬೇಡವಾದಾಗ ಪ್ರಾಣಿ ಮರೆಗೆ ಸರಿಯಲಿ ಎಂದು. ನಮಗೆ ಖಾಲಿ ಕಾಣುವ ಆವರಣ ಅದಕ್ಕೆ ಒಳ್ಳೆಯ ಮನೆ. ನನಗಂತೂ ಇದರ ಬಗ್ಗೆ ತಕರಾರಿಲ್ಲ.

ಕೆಲವು ಸಲ ಪ್ರಾಣಿ ನಿಜಕ್ಕೂ ಹೊರಗೆ ಇರುವುದಿಲ್ಲ. ಆವರಣದ ಹಿಂದೆ ನಮಗೆ ಕಾಣದ ಕೋಣೆಗಳಿರುತ್ತವೆ. ಗಾಯ, ಮದ್ದು, ಮರಿ ಹಾಕಿದ ತಾಯಿ, ಬೇರೆ ಝೂನಿಂದ ಹೊಸದಾಗಿ ಬಂದದ್ದು, ಹೀಗೆ ಒಳಗಿಡಲು ಹತ್ತು ಕಾರಣ. ಒಂದಕ್ಕೊಂದು ಹೊಂದದ ಎರಡು ಗಂಡುಗಳಿದ್ದರೆ ಸರದಿಯ ಮೇಲೆ ಬಿಡುತ್ತಾರೆ. ಹಾಗಾಗಿ ಪೊದೆಯನ್ನು ಅರ್ಧ ತಾಸು ದಿಟ್ಟಿಸುವ ಮೊದಲು, ಕಸ ತೆಗೆಯುತ್ತಲೋ ನೀರು ಬಿಡುತ್ತಲೋ ಇರುವ ಪ್ರಾಣಿಪಾಲಕರನ್ನು ಕೇಳಿ: "ಅಣ್ಣಾರ, ಇವತ್ತು ಹೊರಗ ಬಿಟ್ಟೀರೇನ್ರಿ? ಯಾವ ಕಡೆ ಮಲಗತೈತಿ?" ಝೂನಲ್ಲಿ ಇದಕ್ಕಿಂತ ದೊಡ್ಡ ಗುಟ್ಟು ಇಲ್ಲ. ತಾನು ಸಾಕುವ ಪ್ರಾಣಿಯ ಬಗ್ಗೆ ಯಾರಾದರೂ ಮರ್ಯಾದೆಯಿಂದ ಕೇಳಿದರೆ ಖುಷಿಪಡದ ಪಾಲಕರನ್ನು ನಾನು ನೋಡಿಲ್ಲ. ಬೆರಳು ತೋರಿಸಿ, ಅದರ ಹೆಸರು, ಸಿಟ್ಟು, ಸೋಮಾರಿತನ ಎಲ್ಲ ಹೇಳುತ್ತಾರೆ.

ಇನ್ನು ಹೊತ್ತಿನ ವಿಷಯ. ಸಿಂಹ ದಿನಕ್ಕೆ ಇಪ್ಪತ್ತು ತಾಸಿನವರೆಗೂ ಬಿದ್ದುಕೊಂಡಿರುವ ಪ್ರಾಣಿ. ಚಿರತೆ, ತೋಳಗಳ ಓಡಾಟ ಹೆಚ್ಚು ನಸುಕಿನಲ್ಲಿ, ಸಂಜೆಯ ಮಬ್ಬಿನಲ್ಲಿ. ಕತ್ತೆಕಿರುಬ ಪೂರಾ ಇರುಳಿನದು, ಹಗಲು ಗವಿ ಬಿಟ್ಟು ಬರುವುದೇ ಅಪರೂಪ. ನೀವು ಹೋಗಿದ್ದು ಹನ್ನೊಂದರಿಂದ ಎರಡರ ನಡುವೆ ಇರಬೇಕು. ನಮ್ಮ ಮನೆಯ ನಾಯಿಯೂ ಆ ಹೊತ್ತಿನಲ್ಲಿ ಮಂಚದ ಕೆಳಗಿಂದ ಏಳುವುದಿಲ್ಲ. ಮೈಸೂರು ಝೂ ಬಾಗಿಲು ತೆರೆಯುವುದು ಬೆಳಿಗ್ಗೆ ಎಂಟೂವರೆಗೆ, ಮಂಗಳವಾರ ರಜೆ. ಅಂದಹಾಗೆ ವಾರಕ್ಕೊಂದು ದಿನ ಜನರಿಗೆ ಬಾಗಿಲು ಮುಚ್ಚಲೇಬೇಕೆಂಬುದು ದೇಶದ ಎಲ್ಲ ಝೂಗಳಿಗೂ ಇರುವ ನಿಯಮ. ಮೊದಲ ಟಿಕೆಟ್ಟಿನವರ ಜೊತೆ ಒಳಗೆ ಹೋಗಿ. ದಾರಿಯಲ್ಲಿ ಜಿರಾಫೆ ಸಿಕ್ಕರೆ ನಮಸ್ಕಾರ ಹೇಳಿ ಮುಂದೆ ನಡೆಯಿರಿ, ಅದು ಎಲ್ಲಿಗೂ ಓಡಿಹೋಗುವುದಿಲ್ಲ. ನೇರ ಚಿರತೆಯ ಹತ್ತಿರ ಹೋಗಿ. ರಾತ್ರಿಯ ಕೋಣೆಯಿಂದ ಆಗತಾನೆ ಹೊರಬಿದ್ದ ಪ್ರಾಣಿ ತನ್ನ ಜಾಗವನ್ನೆಲ್ಲ ಒಂದು ಸುತ್ತು ಮೂಸಿ ನೋಡುತ್ತದೆ. ಆ ಸುತ್ತು ಮುಗಿಯಿತೆಂದರೆ ಮಲಗಿತು ಅಂತಲೇ ಲೆಕ್ಕ.

ಎರಡನೆಯ ಅವಕಾಶ ಸಂಜೆ. ನಮ್ಮ ಝೂಗಳಲ್ಲಿ ದೊಡ್ಡ ಮಾಂಸಾಹಾರಿಗಳಿಗೆ ಸಾಮಾನ್ಯವಾಗಿ ಊಟ ಕೊಡುವುದು ಸಂಜೆ, ಒಳಕೋಣೆಯಲ್ಲಿ. ಹೊತ್ತು ಹತ್ತಿರವಾದಂತೆ ಅವು ಆ ಕೋಣೆಯ ಬಾಗಿಲ ಬಳಿ ಶತಪಥ ಹಾಕುತ್ತವೆ. ಆವರಣದ ಹಿಂಬದಿಯಲ್ಲಿ ಕಬ್ಬಿಣದ ಬಾಗಿಲು ಎಲ್ಲಿದೆ ಎಂದು ಬೆಳಿಗ್ಗೆಯೇ ಗುರುತು ಮಾಡಿಕೊಂಡು, ಸಂಜೆ ಅದಕ್ಕೆ ನೇರವಾಗಿ ನಿಲ್ಲಿ. ಡಿಸೆಂಬರ್-ಜನವರಿಯ ಶಾಲಾ ಪ್ರವಾಸದ ದಿನಗಳನ್ನೂ ದಸರೆಯನ್ನೂ ತಪ್ಪಿಸಿ. ಮಳೆಗಾಲದ ಮೋಡ ಕವಿದ ವಾರದ ದಿನ ಸಿಕ್ಕರೆ ಕೊಡೆ ಹಿಡಿದು ಹೊರಡಿ, ತಂಪು ಹೊತ್ತಿನಲ್ಲಿ ಪ್ರಾಣಿಗಳು ಮಧ್ಯಾಹ್ನವೂ ಎದ್ದಿರುತ್ತವೆ.

ನೋಡುವುದಕ್ಕೂ ಒಂದು ರೀತಿ ಉಂಟು. ಇಡೀ ಚಿರತೆಯನ್ನು ಹುಡುಕಿದರೆ ಸಿಗುವುದಿಲ್ಲ. ಎಲೆಗಳ ಸಂದಿನಿಂದ ಬಿಸಿಲು ಚುಕ್ಕೆ ಚುಕ್ಕೆಯಾಗಿ ಬೀಳುವ ಕಡೆ ಅದರ ಮೈ ಎಲ್ಲಿ ಮುಗಿಯಿತು, ನೆರಳು ಎಲ್ಲಿ ಶುರುವಾಯಿತು ಎಂಬುದೇ ತಿಳಿಯುವುದಿಲ್ಲ. ತುಂಡು ಹುಡುಕಿ: ನೊಣ ಓಡಿಸಲು ಅಲುಗುವ ಕಿವಿ, ಜೋತುಬಿದ್ದ ಬಾಲ, ಕೊಂಬೆಯಿಂದ ಇಳಿಬಿದ್ದ ಒಂದು ಕಾಲು. ಹುಲ್ಲು, ಗಿಡ ಎಲ್ಲವೂ ನೆಟ್ಟಗೆ ನಿಂತಿರುವಲ್ಲಿ ಅಡ್ಡಗೆರೆಯೊಂದು ಕಂಡರೆ ಅದು ಬೆನ್ನಾಗಿರಬಹುದು. ತೋಳದ ಬಣ್ಣ ನಮ್ಮ ಬೇಸಿಗೆಯ ಬೀಳುಹೊಲದ ಬಣ್ಣವೇ. ಕೂತಾಗ ಮಣ್ಣಿನ ಹೆಂಟೆ, ಎದ್ದಾಗಲೇ ತೋಳ. ಬೇಲಿಯ ಗುಂಟ ಹುಲ್ಲು ಸವೆದು ಕಾಲುದಾರಿ ಬಿದ್ದಿರುತ್ತದೆ. ಪ್ರಾಣಿ ತಿರುಗಾಡುವುದು ಅದೇ ದಾರಿಯಲ್ಲಿ, ಅದು ಎಲ್ಲಿ ನಿಮಗೆ ತೀರಾ ಹತ್ತಿರ ಬರುತ್ತದೋ ಅಲ್ಲಿ ಕಾಯಿರಿ. ಬೇಸಿಗೆಯಾದರೆ ಮೊದಲು ನೀರಿನ ತೊಟ್ಟಿ ನೋಡಿ. ಹಾವಿನ ಗಾಜಿನ ಮನೆಯಲ್ಲಿ ಎಲ್ಲರೂ ನಡುವೆ ನೋಡುತ್ತಾರೆ, ಹಾವು ಮೂಲೆಯಲ್ಲಿ, ನೀರಿನ ಬಟ್ಟಲ ಹಿಂದೆ, ಇಲ್ಲವೇ ತಲೆಯ ಮೇಲಿನ ಕೊಂಬೆಯಲ್ಲಿರುತ್ತದೆ. ಕಂದಕದಾಚೆಯ ಆವರಣಗಳಿಗೆ ದುರ್ಬೀನು ಒಳ್ಳೆಯದು, ಎಂಟು ಪಟ್ಟು ಹಿಗ್ಗಿಸುವುದು ಸಾಕು. ಮಗಳನ್ನು ಹೆಗಲ ಮೇಲೆ ಕೂರಿಸಬೇಡಿ. ಆಕೆಯ ಎತ್ತರಕ್ಕೆ ಪೊದೆಯ ಬುಡ ಕಾಣುತ್ತದೆ, ನಮಗೆ ಪೊದೆಯ ತಲೆ ಅಷ್ಟೇ.

ಕಾಡುಪಾಪ, ಪುನುಗು ಬೆಕ್ಕಿನಂಥ ಇರುಳಿನ ಜೀವಗಳದು ಬೇರೆಯೇ ಕತೆ. ಹೈದರಾಬಾದಿನ ನೆಹರೂ ಝೂನಲ್ಲಿ ಇವಕ್ಕೆಂದೇ ಒಂದು ಕತ್ತಲೆಮನೆ ಇದೆ. ಇಂಥ ಮನೆಗಳಲ್ಲಿ ರಾತ್ರಿ ದೀಪ ಹಾಕಿ ಅವನ್ನು ಮಲಗಿಸುತ್ತಾರೆ, ಹಗಲು ಮಬ್ಬುಗತ್ತಲು ಮಾಡಿ ಎಬ್ಬಿಸುತ್ತಾರೆ. ಪ್ರಾಣಿಗೆ ಅದು ರಾತ್ರಿ, ನಮಗೆ ಟಿಕೆಟ್ಟಿನ ಹೊತ್ತು. ಆದರೆ ಬಿಸಿಲಿನಿಂದ ಒಳಗೆ ಕಾಲಿಟ್ಟ ನಮ್ಮ ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತು-ಮೂವತ್ತು ನಿಮಿಷ ಬೇಕು. ಜನ ಎರಡೇ ನಿಮಿಷದಲ್ಲಿ "ಕರೆಂಟ್ ಹೋಗೈತಿ" ಎಂದು ಹೊರಬೀಳುತ್ತಾರೆ. ನೀವು ಗೋಡೆಗೆ ಒರಗಿ ನಿಲ್ಲಿ. ಮೊಬೈಲ್ ಜೇಬಿನಲ್ಲಿರಲಿ, ಅದರ ಬೆಳಕು ಒಮ್ಮೆ ಕಣ್ಣಿಗೆ ಬಿದ್ದರೆ ಅಷ್ಟೂ ಕಾದದ್ದು ವ್ಯರ್ಥ. ದೊಡ್ಡ ಕಣ್ಣಿನ ಕಾಡುಪಾಪ ಕೊಂಬೆಯ ಮೇಲೆ ಒಂದೊಂದೇ ಕೈ ಎತ್ತಿಡುವುದು ನಿಧಾನಕ್ಕೆ ಮೂಡುತ್ತದೆ, ಮನೆಯಲ್ಲಿ ಹೆಪ್ಪು ಹಾಕಿದ ಮೊಸರಿನ ಹಾಗೆ, ಯಾವಾಗ ಆಯಿತೆಂದು ಹೇಳಲು ಬರುವುದಿಲ್ಲ.

ಸೀಟಿ, ಚಪ್ಪಾಳೆ, ಕಲ್ಲು ಇವುಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ನಾನೂ ಒಂದು ಕಾಲದ ಅಪರಾಧಿ. ಝೂ ಪ್ರಾಣಿಯನ್ನು ಕೆಣಕುವುದು, ಅದಕ್ಕೆ ತಿನ್ನಲು ಹಾಕುವುದು, ಗದ್ದಲ ಮಾಡಿ ಕಾಡುವುದು 1972ರ ವನ್ಯಜೀವಿ ಕಾಯ್ದೆಯ 38-ಜೆ ಕಲಮಿನ ಪ್ರಕಾರ ತಪ್ಪು. ಅದಿರಲಿ, ಉಪಯೋಗವೂ ಇಲ್ಲ. ದಿನಾ ಸಾವಿರ ಸೀಟಿ ಕೇಳಿದ ಚಿರತೆ ಇನ್ನೊಂದಕ್ಕೆ ಏಳುವುದಿಲ್ಲ, ಎದ್ದರೂ ಒಳಕ್ಕೆ ಹೋಗುತ್ತದೆ.

ಎಷ್ಟು ಕಾದರೂ ಕಾಣದವೂ ಇವೆ. ಇರುವೆ-ಗೆದ್ದಲು ತಿಂದು ಬದುಕುವ ಚಿಪ್ಪುಹಂದಿಯನ್ನು ಸಾಕುವುದು ಬಲು ಕಷ್ಟ. ಒಡಿಶಾದ ನಂದನಕಾನನದಲ್ಲಿ 2009ರಿಂದ ಅದಕ್ಕೆಂದೇ ಸಂತಾನಾಭಿವೃದ್ಧಿ ಕೇಂದ್ರ ನಡೆಸುತ್ತಿದ್ದಾರೆ, ಉಳಿದೆಡೆ ಅದನ್ನು ಹುಡುಕಬೇಡಿ. ನಮ್ಮ ಎರೆಸೀಮೆಯ ಎರೆಭೂತ ಹಕ್ಕಿ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಿಂದೆ ರಾಣೆಬೆನ್ನೂರು ಕಡೆಯ ಬಯಲಲ್ಲೇ ಇತ್ತು. ಈಗ ಅದರ ಮರಿಗಳನ್ನು ಬೆಳೆಸುತ್ತಿರುವುದು ದೂರದ ಜೈಸಲ್ಮೇರ್ ಜಿಲ್ಲೆಯಲ್ಲಿ.

ಇನ್ನು ಮೂರನೆಯ ಸಲ ಮೈಸೂರಿನ ರೈಲು ಹತ್ತುವ ಮುನ್ನ ಹತ್ತಿರದಲ್ಲೇ ಕಣ್ಣು ಪಳಗಿಸಿಕೊಳ್ಳಿ. ನಾವು ದಿನಾ 'ಚಿಗರಿ' ಹೆಸರಿನ ಬಸ್ಸು ಹತ್ತಿ ಹುಬ್ಬಳ್ಳಿ-ಧಾರವಾಡ ಅಡ್ಡಾಡುವವರು, ನಿಜವಾದ ಚಿಗರಿಯ, ಅಂದರೆ ಜಿಂಕೆಯ, ಬೆನ್ನು ಹುಲ್ಲಿನಲ್ಲಿ ಹೇಗೆ ಅಡ್ಡಗೆರೆಯಾಗಿ ಕಾಣುತ್ತದೆಂದು ಎಷ್ಟು ಜನ ನೋಡಿದ್ದೇವೆ? ಚಿರತೆ, ಕತ್ತೆಕಿರುಬಗಳು 2019ರಲ್ಲಿ ವನ್ಯಧಾಮವಾದ ಕಪ್ಪತಗುಡ್ಡದಲ್ಲಿ ಈಗಲೂ ಇವೆ, ಅಲ್ಲಿ ಅವುಗಳನ್ನು ಕಾಣಲು ಅದೃಷ್ಟವೇ ಬೇಕು. ಬಿಂಕದಕಟ್ಟಿಗೆ ಅದೃಷ್ಟ ಬೇಡ, ಹುಬ್ಬಳ್ಳಿಯಿಂದ ಗದಗ ರಸ್ತೆ ಹಿಡಿದರೆ ಊರು ಮುಟ್ಟುವ ಮೊದಲೇ ಸಿಗುತ್ತದೆ. ಸಣ್ಣ ಝೂ, ಎಲ್ಲವನ್ನೂ ನೋಡಿ ಮುಗಿಸುವ ಗಡಿಬಿಡಿ ಇರುವುದಿಲ್ಲ. ಬುತ್ತಿ ಕಟ್ಟಿಕೊಂಡು ಬೇಗ ಹೊರಡಿ. ಹುಲಿ, ಚಿರತೆ ಎರಡನ್ನೇ ಆರಿಸಿಕೊಳ್ಳಿ, ಒಂದೊಂದಕ್ಕೆ ಒಂದು ತಾಸು. ಮನೆಯಲ್ಲಿ ಮೊಣಕಾಲು ನೋವಿನ ಹಿರಿಯರು ಯಾರಾದರೂ ಇದ್ದರೆ ಅವರನ್ನೂ ಕರೆದುಕೊಂಡು ಹೋಗಿ. ಅವರು ಕೂತಲ್ಲೇ ನೀವೂ ಕೂತುಬಿಡಿ.