ಅಧಿಕಾರಿಯ ಕಾಲಡಿಯ ಕಲ್ಲು

ರೋಮ್ ನಗರದ ಪುರಾತನ ಸಾರ್ವಜನಿಕ ಚೌಕವಾದ ಫೋರಂನಲ್ಲಿ, ಸೆಪ್ಟಿಮಿಯಸ್ ಸೆವೆರಸ್ ಚಕ್ರವರ್ತಿಯ ಕಮಾನಿನ ಸಮೀಪ, ಎತ್ತರವಾದ ಅಮೃತಶಿಲೆಯ ಕಲ್ಲೊಂದು ನಿಂತಿದೆ. ಕ್ರಿ.ಶ. 406ರ ಸುಮಾರಿಗೆ ಅದರ ಮೇಲೆ ಕೆತ್ತಿದ ಲ್ಯಾಟಿನ್ ಶಾಸನವು ಗೋಥರೆಂಬ ಜರ್ಮಾನಿಕ್ ಜನರ ವಿರುದ್ಧ ಹೋರಾಡಿ ಗೆದ್ದ ಸೈನಿಕರ ನಿಷ್ಠೆ, ಶೌರ್ಯಗಳನ್ನು ಹೊಗಳುತ್ತದೆ. ನಡುವಿನ ಭಾಗವನ್ನು ಮಾತ್ರ ಉಳಿಯಿಂದ ಹೆರೆದು ತೆಗೆಯಲಾಗಿದೆ. ಅಲ್ಲಿದ್ದುದು ಮಹಾಸೇನಾನಿ ಸ್ಟಿಲಿಕೊನ ಹೆಸರು ಮತ್ತು ಪದವಿಗಳು. 408ರಲ್ಲಿ ಅವನ ಶಿರಚ್ಛೇದವಾಯಿತು, ಬಳಿಕ ಕಲ್ಲಿನ ಮೇಲಿನ ಹೆಸರೂ ಹೋಯಿತು.

ಆದರೆ ನನ್ನನ್ನು ಹಿಡಿದು ನಿಲ್ಲಿಸುವುದು ಅದೇ ಕಲ್ಲಿನ ಪಕ್ಕದ ಮುಖದಲ್ಲಿ ತೋಡಿರುವ ಕುಳಿಗಳು. ಪಕ್ಕದ ಮುಖದಲ್ಲಿ ಕುಳಿಗಳಿಗೇನು ಕೆಲಸ? ಅದು ಒಂದು ಕಾಲದಲ್ಲಿ ಕಲ್ಲಿನ ಮೇಲ್ಭಾಗವಾಗಿತ್ತು. ಕಂಚಿನ ಕುದುರೆ ಸವಾರನೊಬ್ಬನನ್ನು ಹೊತ್ತು ಅಡ್ಡಲಾಗಿ ಮಲಗಿದ್ದ ಪೀಠವನ್ನು, ಸವಾರನನ್ನು ಇಳಿಸಿದ ಮೇಲೆ, ಎತ್ತಿ ನೆಟ್ಟಗೆ ನಿಲ್ಲಿಸಿ ಹೊಸ ಶಾಸನಕ್ಕೆ ಬಳಸಿದರು.

ಕಂಚಿನ ಪ್ರತಿಮೆಯನ್ನು ಪೀಠಕ್ಕೆ ಕೂರಿಸುವಾಗ ಕಲ್ಲಿನಲ್ಲಿ ಕುಳಿ ತೋಡಿ, ಪಾದವನ್ನು ಅಥವಾ ಅದರ ಅಡಿಯ ಗೂಟವನ್ನು ಅದರೊಳಗೆ ಇಳಿಸಿ, ಸುತ್ತಲೂ ಕಾದ ಸೀಸವನ್ನು ಹೊಯ್ಯುತ್ತಿದ್ದರು. ಸೀಸವು 327 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕರಗುತ್ತದೆ. ಕಂಚು ಕರಗಲು ಅದರ ಎರಡು ಪಟ್ಟಿಗೂ ಹೆಚ್ಚಿನ ಬಿಸಿ ಬೇಕು. ಆದ್ದರಿಂದ ಪಾದಕ್ಕೆ ಏನೂ ಆಗದೆ, ಸೀಸವು ಸಂದುಸಂದಿಗೂ ಹರಿದು, ಆರಿದ ಮೇಲೆ ವಸಡು ಹಲ್ಲನ್ನು ಹಿಡಿದಂತೆ ಹಿಡಿದುಕೊಳ್ಳುತ್ತಿತ್ತು. ಕಂಚು ಬೆಲೆಬಾಳುವ ಲೋಹವಾದ್ದರಿಂದ ಮುಂದಿನ ಶತಮಾನಗಳಲ್ಲಿ ಬಹುಪಾಲು ಪ್ರತಿಮೆಗಳು ಕುಲುಮೆ ಸೇರಿದವು; ಹಲ್ಲು ಹೋಯಿತು, ಕುಳಿ ಉಳಿಯಿತು. ಹಸಿಮಣ್ಣಿನ ಮೇಲಿನ ಹೆಜ್ಜೆ ನೋಡಿ ಹಾದುಹೋದ ಪ್ರಾಣಿ ಯಾವುದೆಂದು ಹೇಳುವಂತೆ, ಕುಳಿಗಳ ಆಕಾರ, ಅಂತರಗಳನ್ನು ನೋಡಿ, ಮೇಲಿದ್ದವನು ನಿಂತಿದ್ದನೋ ಕುದುರೆಯೇರಿದ್ದನೋ, ಯಾವ ಕಾಲನ್ನು ಮುಂದಿಟ್ಟಿದ್ದನೋ ಎಂಬುದನ್ನು ಪುರಾತತ್ತ್ವಜ್ಞರು ಹೇಳಬಲ್ಲರು.

ಹಳೆಯ ಪೀಠದ ಮರುಬಳಕೆಯನ್ನು ಕಂಡೊಡನೆ 'ಕೈಯಲ್ಲಿ ಕಾಸಿರಲಿಲ್ಲ, ಕೆತ್ತುವವರೂ ಇರಲಿಲ್ಲ' ಎಂದು ಬರೆದುಬಿಡುವ ರೂಢಿ ಇನ್ನೂ ಹೋಗಿಲ್ಲ. ಈ ಮಾತನ್ನು ನಾನು ಒಪ್ಪಲಾರೆ. ಅದೇ ಕಾಲದಲ್ಲಿ, ಇಂದಿನ ಟರ್ಕಿಯ ನೈಋತ್ಯ ಭಾಗದ ಅಫ್ರೊಡಿಸಿಯಸ್‌ನಲ್ಲಿ, ಪ್ರಾಂತಾಧಿಕಾರಿಗಳ ಪ್ರತಿಮೆಗಳನ್ನು ಹಣೆಯ ಗೆರೆ, ಗಡ್ಡದ ಕೂದಲುಗಳು ಎದ್ದು ಕಾಣುವಂತೆ ಕಡೆಯುತ್ತಿದ್ದರು. ಇಂಥ ಗೌರವಕ್ಕೆ ಅಧಿಕಾರಿಗಳಲ್ಲಿ ಎಷ್ಟು ಹಂಬಲವಿತ್ತೆಂದರೆ, 398ರಲ್ಲಿ ಅದಕ್ಕೆ ಕಡಿವಾಣ ಹಾಕುವ ಕಾನೂನೇ ಬಂದಿತು: ಅಧಿಕಾರದಲ್ಲಿರುವಾಗ ಚಕ್ರವರ್ತಿಯ ಅಪ್ಪಣೆಯಿಲ್ಲದೆ ಕಂಚು, ಬೆಳ್ಳಿ ಅಥವಾ ಅಮೃತಶಿಲೆಯ ಪ್ರತಿಮೆಯನ್ನು ಪಡೆದವನು, ಆ ಹುದ್ದೆಯಲ್ಲಿ ಗಳಿಸಿದ್ದರ ನಾಲ್ಕು ಪಟ್ಟನ್ನು ಖಜಾನೆಗೆ ದಂಡವಾಗಿ ತೆರಬೇಕಾಗಿತ್ತು. ಪ್ರಜೆಗಳನ್ನು ಹಿಂಡಿ ಹೊಗಳಿಕೆ ಪಡೆಯುವವರಿದ್ದಾರೆಂಬುದು ಆಡಳಿತಕ್ಕೆ ಚೆನ್ನಾಗಿ ತಿಳಿದಿತ್ತು.

ಆ ಕಾನೂನನ್ನು ನೆನಪಿಟ್ಟುಕೊಂಡು, ಸುಮಾರು 400ರಲ್ಲಿ ಅಫ್ರೊಡಿಸಿಯಸ್‌ನ ನಗರಸಭೆಯು ಪ್ರಾಂತಾಧಿಕಾರಿ ಒಯ್ಕುಮೆನಿಯಸ್‌ಗಾಗಿ ಕೆತ್ತಿಸಿದ ಗ್ರೀಕ್ ಪದ್ಯವನ್ನು ಓದಬೇಕು. ಕಾನೂನು ಬಲ್ಲವನು, ಇಟಲಿಯ ವಾಗ್ದೇವಿಯನ್ನು ಗ್ರೀಕಿನ ಜೇನಿನೊಂದಿಗೆ ಬೆರೆಸಿದವನು, ಮನಸ್ಸೂ ಕೈಯೂ ಶುದ್ಧವಿರುವವನು ಎಂದು ಅದು ಅವನನ್ನು ಕೊಂಡಾಡುತ್ತದೆ. ಕೈ ಶುದ್ಧವೆಂಬ ಮಾತು ಅಂದಿನ ಓದುಗನಿಗೆ ಬರಿಯ ಅಲಂಕಾರವಾಗಿರಲಿಲ್ಲ; ಲಂಚ ಮುಟ್ಟದ ನ್ಯಾಯಾಧಿಕಾರಿ ಎಂಬ ನೇರ ಅರ್ಥವೇ ಅದಕ್ಕಿತ್ತು.

ಪೀಠದ ಪದ್ಯದಲ್ಲಿ ಹಳೆಯ ಕಾವ್ಯದ ವಾಗ್ದೇವಿಯಿದ್ದಾಳೆ, ಕ್ರಿಸ್ತನ ಹೆಸರಿಲ್ಲ. ಆದರೆ ಪ್ರತಿಮೆಯ ನೆತ್ತಿಯ ಮೇಲೆ, ಕೆಳಗೆ ನಿಂತು ನೋಡುವವರ ಕಣ್ಣಿಗೆ ಎಂದೂ ಬೀಳದ ಜಾಗದಲ್ಲಿ, ಖಿ, ಮ್ಯೂ, ಗಾಮಾ ಎಂಬ ಮೂರು ಗ್ರೀಕ್ ಅಕ್ಷರಗಳನ್ನು ಕೊರೆಯಲಾಗಿದೆ. ಅದು ಆ ಕಾಲದ ಕ್ರೈಸ್ತರು ಬಳಸುತ್ತಿದ್ದ ಸಂಕೇತ.