ಮಂಡಿಯ ಅಳತೆ ಮೊಬೈಲ್ ಫೋಟೋದಲ್ಲಿ ಸಿಗುವುದಿಲ್ಲ

ವಾರಕ್ಕೆ ಎರಡು ಮೂರಾದರೂ ಇಂಥ ವಾಟ್ಸಾಪ್ ಬರುತ್ತವೆ. ಟ್ಯೂಬ್‌ಲೈಟಿಗೆ ಹಿಡಿದು ತೆಗೆದ ಎಕ್ಸ್‌-ರೇ ಫೋಟೋ, ಮೂಲೆಯಲ್ಲಿ ಹಿಡಿದವರ ಹೆಬ್ಬೆರಳು. ಕೆಳಗೆ, 'ಡಾಕ್ಟ್ರೇ, ಅಮ್ಮನ ಮಂಡಿ. ಚೇಂಜ್ ಮಾಡ್ಬೇಕಾ? ಯಾವ ಸೈಜು ಹಾಕ್ತೀರಿ?' ಮಂಡಿ ಎಷ್ಟು ಸವೆದಿದೆ ಅಂತ ಆ ಫೋಟೋದಲ್ಲಿ ಒಂದು ಅಂದಾಜು ಸಿಗುತ್ತದೆ. ಹಾಕಬೇಕಾದ ಕೃತಕ ಕೀಲಿನ ಸೈಜು ಮಾತ್ರ ಸಿಗುವುದಿಲ್ಲ.

ಎಕ್ಸ್‌-ರೇ ಅಂದರೆ ನೆರಳು. ಕರೆಂಟು ಹೋದಾಗ ಚಿಮಣಿ ದೀಪದ ಮುಂದೆ ಕೈ ಹಿಡಿದು ಗೋಡೆ ಮೇಲೆ ಜಿಂಕೆ ಮಾಡಿದ್ದೇವಲ್ಲ, ಅದೇ ಲೆಕ್ಕ. ಗೋಡೆಯಿಂದ ಕೈ ದೂರ ಹೋದಷ್ಟೂ ಜಿಂಕೆ ದೊಡ್ಡದು. ಮೂಳೆಯೂ ನೆರಳು ಬೀಳುವ ಪ್ಲೇಟಿಗೆ ಅಂಟಿಕೊಂಡಿರುವುದಿಲ್ಲ, ಕಾಲಿನ ಒಳಗಿರುತ್ತದೆ. ದಪ್ಪ ಕಾಲಾದರೆ ಇನ್ನೂ ದೂರ. ಹಾಗಾಗಿ ಚಿತ್ರದಲ್ಲಿ ಮೂಳೆ ಇದ್ದದ್ದಕ್ಕಿಂತ ದೊಡ್ಡದಾಗಿ ಬೀಳುತ್ತದೆ. ಅದನ್ನೇ ಪ್ರಿಂಟ್ ಹಾಕುವಾಗ ಶೀಟಿಗೆ ಹೊಂದಿಸಲು ಚಿಕ್ಕದು ಮಾಡಿರುತ್ತಾರೆ. ಈಗ ನಿಜವಾದ ಅಳತೆ ಯಾವುದು?

ಅದಕ್ಕೇ ನಾವು ಮಂಡಿಯ ಪಕ್ಕ ಒಂದು ಸ್ಟೀಲ್ ಗುಂಡು ಇಡುತ್ತೇವೆ. ಗೋಲಿಯಂಥದ್ದು, ಸರಿಯಾಗಿ 25 ಮಿ.ಮೀ. ಚಿತ್ರದಲ್ಲಿ ಅದು 28 ಮಿ.ಮೀ. ಕಂಡರೆ ಮೂಳೆಯೂ ಅಷ್ಟೇ ಪಾಲು ಹಿಗ್ಗಿದೆ ಅಂತ ಲೆಕ್ಕ. ಕಂಪ್ಯೂಟರ್ ಅದನ್ನು ಕುಗ್ಗಿಸಿ ಅಸಲು ಅಳತೆಗೆ ತರುತ್ತದೆ. ಆಮೇಲೆ ಕೃತಕ ಕೀಲಿನ ಒಂದೊಂದೇ ಸೈಜಿನ ಗೆರೆಚಿತ್ರವನ್ನು ಮೂಳೆಯ ಮೇಲೆ ಕೂರಿಸಿ ನೋಡುತ್ತೇವೆ. ಒಂದು ಸೈಜಿಗೂ ಮುಂದಿನದಕ್ಕೂ ವ್ಯತ್ಯಾಸ ಕೆಲವೇ ಮಿ.ಮೀ. ಕೀಲು ಮೂಳೆಯ ಅಂಚು ದಾಟಿ ಹೊರಗೆ ಚಾಚಿದರೆ ಪಕ್ಕದ ಮಾಂಸಕ್ಕೆ ತಾಗಿ ನೋವು ಹಾಗೇ ಉಳಿಯಬಹುದು.

ನಾನೂ ಒಮ್ಮೆ ಎಡವಿದ್ದೇನೆ. ಗುಂಡನ್ನು ಮೂಳೆಯ ಮಟ್ಟದಲ್ಲಿ ಇಡದೆ ಹಿಂದಿನ ಪ್ಲೇಟಿಗೇ ಟೇಪು ಹಾಕಿ ಅಂಟಿಸಿದ್ದರು. ನಾನು ಗಮನಿಸಲಿಲ್ಲ. ಪ್ಲೇಟಿಗೆ ಹತ್ತಿರವಿದ್ದ ಗುಂಡು ಹಿಗ್ಗಲೇ ಇಲ್ಲ, ಮೂಳೆ ಹಿಗ್ಗಿತ್ತು. ಹಿಗ್ಗೇ ಇಲ್ಲ ಅಂದುಕೊಂಡ ಕಂಪ್ಯೂಟರ್ ಒಂದು ಸೈಜು ದೊಡ್ಡದು ತೋರಿಸಿತು. ಆಪರೇಷನ್ ಥಿಯೇಟರಿನಲ್ಲಿ ಮೂಳೆಗೆ ಅಳತೆ ಪಟ್ಟಿ ಇಟ್ಟಾಗ ಗೊತ್ತಾಯಿತು. ಪುಣ್ಯಕ್ಕೆ ಚಿಕ್ಕ ಸೈಜೂ ಪೆಟ್ಟಿಗೆಯಲ್ಲಿತ್ತು. ಅವತ್ತಿನಿಂದ ಗುಂಡು ಎಲ್ಲಿದೆ ಅಂತ ಮೊದಲು ನೋಡಿ, ಆಮೇಲೆ ಮೂಳೆ ನೋಡುತ್ತೇನೆ.

'ಪುಣ್ಯಕ್ಕೆ' ಅಂದೆನಲ್ಲ, ಶಿರಸಿಯಲ್ಲಿ ಕೂತು ಕೆಲಸ ಮಾಡುವವನಿಗೆ ಅದು ಬರೀ ಮಾತಲ್ಲ. ಕೀಲುಗಳ ಪೆಟ್ಟಿಗೆ ನಮ್ಮ ಕಪಾಟಿನಲ್ಲಿ ಇರುವುದಿಲ್ಲ. ಹುಬ್ಬಳ್ಳಿಯಿಂದಲೋ ಮಂಗಳೂರಿನಿಂದಲೋ ಹಿಂದಿನ ದಿನ ಗಾಡಿಯಲ್ಲಿ ಬರುತ್ತದೆ. ಮಳೆಗಾಲದಲ್ಲಿ ಘಟ್ಟದಲ್ಲಿ ಗುಡ್ಡ ಜರಿದರೆ ಗಾಡಿ ಅಲ್ಲೇ ನಿಂತಿತು. ನಮ್ಮ ಕಡೆಯ ಎಷ್ಟೋ ಹೆಂಗಸರ ಮಂಡಿ ಚಿಕ್ಕದು, ತೀರಾ ಚಿಕ್ಕ ಸೈಜೇ ಬೇಕಾಗುವುದುಂಟು. ಮೊದಲೇ ಗೊತ್ತಿದ್ದರೆ ಫೋನಿನಲ್ಲಿ ಒಂದು ಮಾತು ಹೇಳಿ ತರಿಸಿಕೊಳ್ಳುತ್ತೇನೆ. ಮೂಳೆ ಒಂದು ಬದಿ ಜಾಸ್ತಿ ತಿಂದುಹೋಗಿದ್ದರೆ ಸಂದಿಗೆ ಕೊಡುವ ತುಂಡು, ಮೂಳೆಯೊಳಗೆ ಇಳಿಯುವ ಉದ್ದ ಕಡ್ಡಿ ಇದ್ದ ಕೀಲು ಬೇಕು. ಅದೂ ಚಿತ್ರದಲ್ಲೇ ಗೊತ್ತಾಗುತ್ತದೆ.

ಸೈಜಿಗಿಂತ ನನಗೆ ಜಾಸ್ತಿ ಮುಖ್ಯ ಕಾಲಿನ ಗೆರೆ. ಸೊಂಟದ ಕೀಲಿನ ನಡುವಿನಿಂದ ಪಾದದ ಕೀಲಿನ ನಡುವಿಗೆ ಒಂದು ದಾರ ಕಟ್ಟಿದ ಹಾಗೆ ಗೆರೆ ಎಳೆದರೆ, ನೇರ ಕಾಲಿನಲ್ಲಿ ಅದು ಹೆಚ್ಚುಕಡಿಮೆ ಮಂಡಿಯ ನಡುವೆ ಹಾಯುತ್ತದೆ. ಮಂಡಿ ಹೊರಗೆ ಬಾಗಿದವರಲ್ಲಿ ಗೆರೆ ಒಳಬದಿಗೆ ಸರಿದಿರುತ್ತದೆ. ಭಾರವೆಲ್ಲ ಅಲ್ಲೇ ಬಿದ್ದು ಅಲ್ಲೇ ಸವೆಯುತ್ತದೆ. ತೊಡೆ ಮೂಳೆಯ ಉದ್ದಕ್ಕೂ ಎಳೆದ ಗೆರೆಗೂ, ಸೊಂಟದ ಕೀಲಿನ ನಡುವಿನಿಂದ ಮಂಡಿಯ ನಡುವಿಗೆ ಎಳೆದ ಗೆರೆಗೂ ನಡುವೆ ಸಾಮಾನ್ಯವಾಗಿ 5ರಿಂದ 7 ಡಿಗ್ರಿ. ಮೂಳೆ ಕೊಯ್ಯುವ ಕೋನವನ್ನು ಅದರ ಮೇಲೆ ಇಡುತ್ತೇವೆ. ತೊಡೆ ಮೂಳೆಯೇ ಬಿಲ್ಲಿನಂತೆ ಬಾಗಿದ್ದರೆ ಲೆಕ್ಕ ಬೇರೆ. ಮಂಡಿಯೊಂದರದ್ದೇ ಚಿತ್ರ ತೆಗೆದರೆ ಇದು ಗೊತ್ತೇ ಆಗುವುದಿಲ್ಲ. ಹಾಗಾಗಿ ಸೊಂಟದಿಂದ ಪಾದದವರೆಗಿನ ಉದ್ದ ಎಕ್ಸ್‌-ರೇ ಬೇಕು, ಅದೂ ನಿಂತು. ಮಲಗಿದರೆ ಭಾರ ಬೀಳುವುದಿಲ್ಲ, ಬಾಗು ಪೂರ್ತಿ ಕಾಣುವುದಿಲ್ಲ.

ಸಿದ್ದಾಪುರ ಕಡೆಯ ಅಮ್ಮ ಒಬ್ಬರು ನನ್ನನ್ನು ದುರುಗುಟ್ಟಿ ನೋಡಿದರು. 'ನಿಂತ್ಕಂಡ್ರೆ ನೋವಾಗ್ತು ಹೇಳಿ ಬಂದ್ರೆ, ನೀವು ನಿಂತ್ಕಂಡೇ ಫೋಟೋ ತೆಗೆಸಿ ಹೇಳ್ತ್ರಲ್ಲ!' ನ್ಯಾಯವೇ. ಮಗ ಒಂದು ಕಡೆ, ನಮ್ಮ ಹುಡುಗ ಒಂದು ಕಡೆ ಕೈ ಕೊಟ್ಟು ನಿಲ್ಲಿಸಿದರು. ಮಂಡಿಚಿಪ್ಪು ನೇರ ಮುಂದಕ್ಕೆ ಇರಬೇಕು. ಕಾಲು ಸ್ವಲ್ಪ ತಿರುಗಿದರೂ ಡಿಗ್ರಿ ತಪ್ಪುತ್ತದೆ. ಎರಡು ಸಲ ತೆಗೆಯಬೇಕಾಯಿತು, ಎರಡು ಸಲವೂ ಬೈಸಿಕೊಂಡೆವು.

ಸಿ.ಟಿ. ಸ್ಕ್ಯಾನ್ ಬೇಕಾ ಅಂತ ಕೇಳುವವರಿದ್ದಾರೆ, ಮಂಡಿ ಆಪರೇಷನ್ನಿಗೆ ಬಳಸುವ ರೋಬೋಟ್ ಸುದ್ದಿ ಓದಿದ ಮೇಲಂತೂ. ಕೆಲವು ರೋಬೋಟುಗಳಿಗೆ ಸಿ.ಟಿ. ಬೇಕೇ ಬೇಕು, ಅದರಿಂದ ಮೂಳೆಯ ಮೂರು ಆಯಾಮದ ಚಿತ್ರ ಸಿಗುತ್ತದೆ. ಅಡಿಕೆ ಮರದಿಂದ ಬಿದ್ದು ಕಾಲು ಮುರಿದು, ಸೊಟ್ಟಗೆ ಕೂಡಿಕೊಂಡವರಿಗೆ ನಾನೂ ಮಾಡಿಸುತ್ತೇನೆ. ಉಳಿದ ಹೆಚ್ಚಿನವರಿಗೆ ಒಳ್ಳೆ ಎಕ್ಸ್‌-ರೇ ಸಾಕು ಅನ್ನುವುದು ನನ್ನ ಅಭಿಪ್ರಾಯ. ಖರ್ಚು, ವಿಕಿರಣ ಎರಡೂ ಕಡಿಮೆ. ಮಂಡಿಯ ಎರಡು ಬದಿಯಲ್ಲಿ ಮೂಳೆಗಳನ್ನು ಹಿಡಿದಿಡುವ ಕಟ್ಟುಗಳು (ಲಿಗಮೆಂಟ್) ಎಷ್ಟು ಬಿಗಿ, ಎಷ್ಟು ಸಡಿಲ ಅನ್ನುವುದನ್ನು ಎರಡೂ ಚಿತ್ರ ಹೇಳುವುದಿಲ್ಲ. ಅದಕ್ಕೆ ಕಾಲು ಮಡಚಿ, ಚಾಚಿ, ಕೈಯಲ್ಲೇ ನೋಡಬೇಕು. ಚಿತ್ರ ಹೇಳಿದ ಸೈಜು ಒಂದು ಆಚೀಚೆ ಆಗುವುದೂ ಸಹಜ. ಅದಕ್ಕೇ ಪೆಟ್ಟಿಗೆಯಲ್ಲಿ ಅಕ್ಕಪಕ್ಕದ ಸೈಜುಗಳೂ ಬರುತ್ತವೆ.

ಫೋಟೋ ಕಳಿಸುವವರಿಗೆ ನಾನು ಬರೆಯುವ ಉತ್ತರ ಇಷ್ಟೇ: ಎಕ್ಸ್‌-ರೇ ತೆಗೆಸಿದಲ್ಲಿ ಸಿ.ಡಿ. ಕೇಳಿ ತನ್ನಿ, ಅಮ್ಮನನ್ನೂ ಕರೆದುಕೊಂಡು ಬನ್ನಿ. ಶೀಟನ್ನು ಮಡಚಿ ಹಾಸಿಗೆ ಕೆಳಗೆ ಇಡಬೇಡಿ.