ಹಿರಿಯನ ಪಾಲು ಕಿರಿಯನ ಪಾಲಾದದ್ದು

ಬೈಬಲಿನ ಮೊದಲ ಪುಸ್ತಕ ಆದಿಕಾಂಡದಲ್ಲಿ, ಮದುವೆಯ ಮರುದಿನ ಬೆಳಗಾಗುತ್ತಲೇ ಯಾಕೋಬ ಮಾವನ ಮೇಲೆ ಜಗಳಕ್ಕೆ ಹೋಗುತ್ತಾನೆ. ಏಳು ವರ್ಷ ಕುರಿ ಕಾಯ್ದದ್ದು ರಾಹೇಲಳಿಗಾಗಿ. ರಾತ್ರಿ ಕತ್ತಲಲ್ಲಿ ಕರೆತಂದು ಬಿಟ್ಟದ್ದು ಅವಳ ಅಕ್ಕ ಲೇಯಳನ್ನು. ಸೋದರಮಾವನೂ ಆಗಿದ್ದ ಲಾಬಾನ ತಣ್ಣಗೆ ಹೇಳುತ್ತಾನೆ: ಹಿರಿಯವಳು ಇರುವಾಗ ಕಿರಿಯವಳನ್ನು ಕೊಡುವ ಪದ್ಧತಿ ನಮ್ಮ ಕಡೆ ಇಲ್ಲ. ಯಾಕೋಬ ಮರುಮಾತಾಡುವುದಿಲ್ಲ. ಆಡುವುದಾದರೂ ಹೇಗೆ? ಹಿರಿಯನಾದ ಅಣ್ಣ ಏಸಾವನನ್ನು ಬದಿಗೆ ಸರಿಸಿ, ಊರು ಬಿಟ್ಟು ಓಡಿಬಂದವನು ಅವನೇ.

ಹಿರಿಯ ಮಗನಿಗೆ ಹಕ್ಕುಂಟು ಎನ್ನುವ ಕಾನೂನೂ ಹೀಬ್ರೂ ಬೈಬಲಿನಲ್ಲಿದೆ, ಆ ಹಿರಿಯನನ್ನು ಬಿಟ್ಟು ಕಿರಿಯನ ಕೈಹಿಡಿಯುವ ದೇವರೂ ಅದರಲ್ಲೇ ಇದ್ದಾನೆ. ಎರಡಕ್ಕೂ ಹೇಗೆ ತಾಳೆ ಹಾಕುವುದು ಎಂಬ ತಕರಾರು ಎರಡು ಸಾವಿರ ವರ್ಷ ದಾಟಿಯೂ ಮುಗಿದಿಲ್ಲ.

ಮೊದಲು ಕಾನೂನು. ಅದೇ ಬೈಬಲಿನ ಇನ್ನೊಂದು ಪುಸ್ತಕ ಧರ್ಮೋಪದೇಶಕಾಂಡದ 21ನೇ ಅಧ್ಯಾಯದ ಪ್ರಕಾರ ಹಿರಿಯ ಮಗನಿಗೆ ಎರಡು ಪಾಲು. ಮೂವರು ಗಂಡುಮಕ್ಕಳಿದ್ದರೆ ಆಸ್ತಿಯನ್ನು ನಾಲ್ಕು ಮಾಡಬೇಕು, ದೊಡ್ಡವನಿಗೆ ಎರಡು, ಉಳಿದವರಿಗೆ ಒಂದೊಂದು. ನಾವು 'ಚೊಚ್ಚಲು' ಎಂದಾಗ ನೆನಪಾಗುವುದು ತಾಯಿ, ಅವಳ ಮೊದಲ ಹೆರಿಗೆ. ಹೀಬ್ರೂ ಸಂಪ್ರದಾಯದಲ್ಲಿ ಚೊಚ್ಚಲು ಎರಡು ಬಗೆ. ತಾಯಿಯ ಗರ್ಭ ಮೊದಲು ತೆರೆದವನು ದೇವರಿಗೆ ಸೇರಿದವನು, ಅವನನ್ನು ಐದು ಶೆಕೆಲ್ ಬೆಳ್ಳಿ ಕೊಟ್ಟು ಬಿಡಿಸಿಕೊಳ್ಳಬೇಕು. ಆಸ್ತಿಯ ವಿಷಯಕ್ಕೆ ಬಂದರೆ ತಾಯಿ ಲೆಕ್ಕಕ್ಕಿಲ್ಲ. ತಂದೆಯ 'ಶಕ್ತಿಯ ಪ್ರಥಮಫಲ' ಯಾರು ಎಂಬುದಷ್ಟೇ ಪ್ರಶ್ನೆ. ಇಬ್ಬರು ಹೆಂಡತಿಯರಿದ್ದ ಮನೆಯಲ್ಲಿ ಇಬ್ಬರು ಚೊಚ್ಚಲುಗಳಿರಬಹುದು, ಎರಡು ಪಾಲು ಮಾತ್ರ ಒಬ್ಬನಿಗೇ. ಗಲಾಟೆಯ ಬೀಜ ಇರುವುದು ಇಲ್ಲಿ.

ಇನ್ನು ಕಥೆಗಳು. ಕಾಯಿನನ ಕಾಣಿಕೆ ಒಪ್ಪಿಗೆಯಾಗಲಿಲ್ಲ, ತಮ್ಮ ಹೇಬೆಲನದು ಆಯಿತು. ಅಬ್ರಹಾಮನ ಹಿರಿಯ ಮಗ ಇಷ್ಮಾಯೇಲ ತಾಯಿಯೊಂದಿಗೆ ಮರುಭೂಮಿ ಪಾಲಾದ, ಇಸಾಕ ಮನೆಯಲ್ಲಿ ಉಳಿದ. ಅವಳಿಗಳಲ್ಲಿ ಜೆರಹನ ಕೈ ಮೊದಲು ಹೊರಬಂತೆಂದು ಸೂಲಗಿತ್ತಿ ಕೆಂಪು ನೂಲು ಕಟ್ಟಿದಳು. ಅವನು ಕೈ ಒಳಗೆಳೆದುಕೊಂಡ, ಪೆರೆಚ ಮುಂದೆ ನುಗ್ಗಿ ಹುಟ್ಟಿದ. ಮುಂದಾಳಾದ ಮೋಶೆಗೆ ಅಣ್ಣ ಆರೋನ ಮೂರು ವರ್ಷಕ್ಕೆ ದೊಡ್ಡವನು. ದಾವೀದನಂತೂ, ರಾಜನ ಆಯ್ಕೆಗೆ ಅಣ್ಣಂದಿರೆಲ್ಲ ಸಾಲಾಗಿ ನಿಂತಾಗ, ಕುರಿ ಮೇಯಿಸುತ್ತಿದ್ದ, ಅವನನ್ನು ಕರೆಯುವ ನೆನಪೂ ತಂದೆಗೆ ಇರಲಿಲ್ಲ.

ಇವೆಲ್ಲದರ ನಡುವೆ ಇಸಾಕನ ಅವಳಿ ಮಕ್ಕಳಾದ ಯಾಕೋಬ–ಏಸಾವರ ಕಥೆಯನ್ನು ಮಾತ್ರ ನಿಧಾನವಾಗಿ ಓದಬೇಕು. ಬೇಟೆಯಿಂದ ಬಳಲಿ ಬಂದ ಏಸಾವ 'ಆ ಕೆಂಪು, ಆ ಕೆಂಪನ್ನು ಕೊಡು' ಎನ್ನುತ್ತಾನೆ. ಪದಾರ್ಥದ ಹೆಸರು ಹೇಳುವಷ್ಟು ತ್ರಾಣವೂ ಅವನಿಗಿಲ್ಲ. ಒಲೆಯ ಮೇಲಿದ್ದದ್ದು ಬರಿಯ ಬೇಳೆ, ನಮ್ಮ ಚನ್ನಂಗಿ ಬೇಳೆಯ ಜಾತಿಯದು. ಅದಕ್ಕೆ ಬದಲಾಗಿ ಯಾಕೋಬ ಕೇಳಿದ್ದು ಚೊಚ್ಚಲತನದ ಹಕ್ಕು, ಅದೂ ಆಣೆ ಮಾಡಿಸಿಕೊಂಡು. ಇದು ಬರೀ ಕಟ್ಟುಕಥೆಯಲ್ಲ ಎನ್ನಲು ಒಂದು ಕಾಲದ ವಿದ್ವಾಂಸರು ಇರಾಕಿನ ಕಿರ್ಕುಕ್ ಬಳಿ ನುಜಿ ಎಂಬಲ್ಲಿ 1925ರಿಂದ 1931ರವರೆಗೆ ಅಗೆದಾಗ ಸಿಕ್ಕ ಮಣ್ಣಿನ ಫಲಕಗಳನ್ನು ತೋರಿಸುತ್ತಿದ್ದರು: ಒಬ್ಬ ತನಗೆ ಬರಬೇಕಾದ ತೋಪಿನ ಪಾಲನ್ನು ಮೂರು ಕುರಿಗೆ ಸೋದರನಿಗೇ ಬಿಟ್ಟುಕೊಟ್ಟ ಪತ್ರ ಅಲ್ಲಿದೆ. 1970ರ ದಶಕದಲ್ಲಿ ಈ ಹೋಲಿಕೆಗೆ ಪೆಟ್ಟು ಬಿತ್ತು. ಆಸ್ತಿಪಾಲು ಮಾರುವುದು ಬೇರೆ, ಹಿರಿತನವನ್ನೇ ಮಾರುವುದು ಬೇರೆ ಎಂಬ ಆಕ್ಷೇಪ ಸರಿಯಾದದ್ದೇ.

ಹಕ್ಕಿನ ಹೀಬ್ರೂ ಹೆಸರು 'ಬೆಖೋರಾ', ಆಶೀರ್ವಾದದ್ದು 'ಬೆರಾಖಾ'. ನಡುವಿನ ಎರಡು ಅಕ್ಷರ ಸ್ಥಳ ಬದಲಿಸಿದರೆ ಒಂದು ಇನ್ನೊಂದಾಗುತ್ತದೆ. ಕಣ್ಣು ಮಂಜಾದ ಇಸಾಕನ ಮುಂದೆ ಯಾಕೋಬ ಕೈಗೆ, ಕೊರಳಿಗೆ ಮೇಕೆಮರಿಯ ಚರ್ಮ ಸುತ್ತಿಕೊಂಡು ಕೂತು ಎರಡನೆಯದನ್ನೂ ಪಡೆದ. ಹೂಟ ತಾಯಿ ರೆಬೆಕ್ಕಳದು. ಮಕ್ಕಳು ಗರ್ಭದಲ್ಲಿರುವಾಗಲೇ ಅವಳಿಗೆ ದೈವವಾಣಿಯಾಗಿತ್ತು: ಹಿರಿಯನು ಕಿರಿಯನಿಗೆ ಸೇವೆಮಾಡುವನು. ಮೂಲದಲ್ಲಿ ಅದು ಮೂರೇ ಪದ, ವಿಭಕ್ತಿಯ ಗುರುತಿಲ್ಲ. ವ್ಯಾಕರಣ ಹಿಡಿದು ಜಗ್ಗಿದರೆ 'ಹಿರಿಯನಿಗೆ ಕಿರಿಯನು' ಎಂದೂ ಓದಲು ಬರುತ್ತದೆ! ಆಮೇಲೆ ಒಳಬಂದ ಏಸಾವ 'ನಿನ್ನ ಹತ್ತಿರ ಇದ್ದದ್ದು ಒಂದೇ ಆಶೀರ್ವಾದವೇ ಅಪ್ಪಾ?' ಎಂದು ಗಟ್ಟಿಯಾಗಿ ಅಳುತ್ತಾನೆ. ಗೆದ್ದವರ ವಂಶದವರೇ ಬರೆದ ಪುಸ್ತಕದಲ್ಲಿ ಸೋತವನ ಈ ಅಳು ಉಳಿದಿದೆ. ಆಯ್ಕೆಯ ಬಗ್ಗೆ ಉಪದೇಶ ಮಾಡುವವರು ಇದನ್ನು ಬೇಗ ದಾಟಿಬಿಡುತ್ತಾರೆ.

ಕಾನೂನಿಗೂ ಕಥೆಗೂ ನೇರ ಡಿಕ್ಕಿಯಾಗುವುದು ಮುಂದಿನ ತಲೆಮಾರಿನಲ್ಲಿ. ಪ್ರೀತಿಯ ಹೆಂಡತಿಯ ಮಗನಿಗಾಗಿ 'ದ್ವೇಷಿತಳ' ಚೊಚ್ಚಲನ್ನು ಕಡೆಗಣಿಸಬಾರದು ಎನ್ನುತ್ತದೆ ಧರ್ಮೋಪದೇಶಕಾಂಡ. ಆದಿಕಾಂಡ ಲೇಯಳಿಗೆ ಬಳಸುವುದು ಅದೇ ಪದ. ಅವಳ ಮಗ ರೂಬೇನನನ್ನು ಯಾಕೋಬ ಸಾಯುವ ಮುನ್ನ 'ನನ್ನ ಶಕ್ತಿಯ ಪ್ರಥಮಫಲ' ಎಂದು ಕರೆಯುತ್ತಾನೆ, ಅದೂ ಕಾನೂನಿನದೇ ಮಾತು. ಕರೆದು, ಕೆಳಗಿಳಿಸುತ್ತಾನೆ. ರೂಬೇನ ತಂದೆಯ ಉಪಪತ್ನಿಯ ಜೊತೆ ಮಲಗಿದ್ದ ಎಂಬ ಕಾರಣವನ್ನು ಪುಸ್ತಕ ಕೊಡುತ್ತದೆ, ನಿಜ. ಆದರೂ ಎರಡು ಪಾಲು ಹೋದದ್ದು ಪ್ರೀತಿಯ ರಾಹೇಲಳ ಮಗ ಯೋಸೇಫನ ಕಡೆಗೇ. ಅವನ ಇಬ್ಬರು ಮಕ್ಕಳೂ ಒಂದೊಂದು ಕುಲವಾದರು. ಅಲ್ಲೂ ಮುದುಕ ಯಾಕೋಬ ಕೈ ಅಡ್ಡಹಾಯಿಸಿ ಬಲಗೈಯನ್ನು ಕಿರಿಯ ಎಫ್ರಾಯೀಮನ ತಲೆಯ ಮೇಲಿಟ್ಟ.

ಇದರ ಹಿಂದಿನ ರಾಜಕೀಯವೂ ಕಾಣದಷ್ಟು ಆಳದಲ್ಲಿಲ್ಲ. ಎಫ್ರಾಯೀಮ್ ಇಸ್ರಾಯೇಲಿನ ಉತ್ತರ ರಾಜ್ಯದ ಬಲಾಢ್ಯ ಕುಲ. ಏಸಾವನ ವಂಶ ಎಂದರೆ ಎದೋಮ್, ಇಸ್ರಾಯೇಲಿಗಿಂತ ಮುಂಚೆಯೇ ರಾಜರನ್ನು ಕಂಡ ನೆರೆನಾಡು. ಅದನ್ನು ದಾವೀದ ಗೆದ್ದನೆಂದೂ ಮುಂದೆ ಅದು ದಂಗೆಯೆದ್ದು ನೊಗ ಕಿತ್ತೊಗೆಯಿತೆಂದೂ ಬೈಬಲೇ ಹೇಳುತ್ತದೆ. ದಾವೀದನ ನಂತರ ರಾಜನಾದ ಸೊಲೊಮೋನನಿಗೆ ಅಣ್ಣ ಅದೋನೀಯನಿದ್ದ. 'ರಾಜ್ಯ ನನ್ನದಾಗಬೇಕಿತ್ತು' ಎಂದು ಗೊಣಗಿದ ಅವನು ಹೆಚ್ಚು ದಿನ ಬದುಕಲಿಲ್ಲ. ಸಿಂಹಾಸನ ಏರಿದ ತಮ್ಮಂದಿರಿಗೆ ಇಂಥ ಪೂರ್ವಜರ ಕಥೆಗಳು ಬೇಡವಾಗಿದ್ದಿರಲಾರವು.

ಮುಂದಿನದು ಓದುಗರ ಕೈವಾಡ. ಕ್ರಿ.ಪೂ. 6ನೇ ಶತಮಾನದ ಆರಂಭದಲ್ಲಿ ಬಾಬಿಲೋನಿನವರು ಯೆರೂಸಲೇಮನ್ನು ಸುಟ್ಟಾಗ ಎದೋಮ್ಯರು ಹಿಗ್ಗಿದರೆಂಬ ಕಹಿ ಪ್ರವಾದಿಗಳ ಮಾತಿಗೆ ಇಳಿಯಿತು. 'ಯಾಕೋಬನನ್ನು ಪ್ರೀತಿಸಿದೆ, ಏಸಾವನನ್ನು ದ್ವೇಷಿಸಿದೆ' ಎಂದು ದೇವರ ಬಾಯಲ್ಲಿ ಬರೆದದ್ದು ಮಲಾಕಿಯನ ಪುಸ್ತಕ. ಆಯ್ಕೆಗೆ ಯೋಗ್ಯತೆ ಕಾರಣವಲ್ಲ ಎಂದು ತೋರಿಸಲು ಕ್ರೈಸ್ತ ಪ್ರಚಾರಕ ಪೌಲ ಅದೇ ಸಾಲನ್ನು ರೋಮಾಪುರದವರಿಗೆ ಬರೆದ ಪತ್ರದಲ್ಲಿ ಉದ್ಧರಿಸಿದ. ಆಮೇಲೆ ಚರ್ಚು ತನ್ನನ್ನು ಕಿರಿಯನೆಂದೂ ಯೆಹೂದ್ಯರನ್ನು ಸೇವೆಗೆ ಬಿದ್ದ ಹಿರಿಯನೆಂದೂ ಓದಿಕೊಂಡಿತು. ಕ್ರಿ.ಶ. 70ರಲ್ಲಿ ರೋಮನರ ಕೈಯಲ್ಲಿ ಯೆರೂಸಲೇಮಿನ ದೇವಾಲಯ ನೆಲಸಮವಾದ ನಂತರದ ಶತಮಾನಗಳಲ್ಲಿ ಯೆಹೂದ್ಯ ಗುರುಗಳಾದ ರಬ್ಬಿಗಳಿಗೆ ರೋಮೇ ಏಸಾವ. ಅಬ್ರಹಾಮ ಬಲಿಗೆ ಒಯ್ದ ಮಗನ ಹೆಸರನ್ನು ಕುರಾನ್ ಹೇಳುವುದಿಲ್ಲ, ಇಷ್ಮಾಯೇಲನೇ ಎಂಬ ನಂಬಿಕೆ ಮುಸ್ಲಿಮರಲ್ಲಿ ಗಟ್ಟಿಯಾಯಿತು. 1986ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ರೋಮಿನ ಸಿನಗಾಗಿನಲ್ಲಿ (ಯೆಹೂದ್ಯರ ಪ್ರಾರ್ಥನಾಲಯದಲ್ಲಿ) ನಿಂತು ಯೆಹೂದ್ಯರನ್ನು ಒಂದು ರೀತಿಯಲ್ಲಿ ನಮ್ಮ ಹಿರಿಯಣ್ಣಂದಿರು ಎಂದರು. ಪ್ರೀತಿಯ ಮಾತೇ, ಆದರೆ ಆದಿಕಾಂಡದಲ್ಲಿ ಹಿರಿಯಣ್ಣಂದಿರ ಗತಿ ಏನಾಗುತ್ತದೆಂದು ಬಲ್ಲವರು ಒಂದು ಕ್ಷಣ ತಡವರಿಸಿರಬೇಕು.

ಈ ವಾದಗಳಲ್ಲಿ ಆದಿಕಾಂಡದ 33ನೇ ಅಧ್ಯಾಯ ಬರುವುದು ಅಪರೂಪ. ಇಪ್ಪತ್ತು ವರ್ಷಗಳ ನಂತರ ಏಸಾವ 400 ಜನರೊಂದಿಗೆ ಎದುರು ಬರುತ್ತಾನೆ. ಯಾಕೋಬ ಒಂಟೆಮರಿಗಳನ್ನು ಬಿಟ್ಟೇ 550 ಪ್ರಾಣಿಗಳನ್ನು ಮುಂದೆ ಕಳಿಸಿರುತ್ತಾನೆ. ಅಣ್ಣನೇ ಅಡ್ಡಬೀಳುವನೆಂದು ಆಶೀರ್ವಾದದಲ್ಲಿತ್ತು. ಏಳು ಸಲ ನೆಲಕ್ಕೆ ಬಾಗಿದವನು ತಮ್ಮ. ಏಸಾವ ಓಡಿಬಂದು ಅಪ್ಪಿಕೊಳ್ಳುತ್ತಾನೆ, ಇಬ್ಬರೂ ಅಳುತ್ತಾರೆ. 'ನನಗೆ ಬೇಕಾದಷ್ಟಿದೆ ತಮ್ಮಾ, ನಿನ್ನದು ನಿನಗೇ ಇರಲಿ' ಎಂದ ಅಣ್ಣನಿಗೆ ಯಾಕೋಬ ಬಲವಂತ ಮಾಡುತ್ತಾನೆ. ಅನುವಾದಗಳಲ್ಲಿ ಸಾಮಾನ್ಯವಾಗಿ 'ಕಾಣಿಕೆ' ಎಂದಿರುವ ಕಡೆ ಹೀಬ್ರೂವಿನಲ್ಲಿ ಅವನು ಆಡುವ ಪದ 'ಬಿರ್ಖಾತಿ'. ಅಂದರೆ, ನನ್ನ ಬೆರಾಖಾ ತೆಗೆದುಕೋ. ಏಸಾವ ತೆಗೆದುಕೊಂಡು ತನ್ನ ನಾಡು ಸೇಯೀರಿನ ದಾರಿ ಹಿಡಿಯುತ್ತಾನೆ.